ಇಂಗ್ಲಿಷ್ ಪದವಿಯೊಳಗೊಂದು ಕಮ್ಮಟ

ಯು.ಆರ್. ಅನಂತಮೂರ್ತಿಯವರು ‘ಸಂಸ್ಕಾರ’ ಬರೆದದ್ದು ಮೈಸೂರಿನಲ್ಲಲ್ಲ, ತೀರ್ಥಹಳ್ಳಿಯಲ್ಲೂ ಅಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ, ಇಂಗ್ಲಿಷ್ ಸಾಹಿತ್ಯದಲ್ಲಿ ಪಿಎಚ್.ಡಿ.ಗಾಗಿ ಓದುತ್ತಿದ್ದಾಗ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಅವರ ಅಧ್ಯಾಪಕರಾಗಿದ್ದವರು ಕಾದಂಬರಿಕಾರ ಮಾಲ್ಕಮ್ ಬ್ರಾಡ್‌ಬರಿ. ಇಬ್ಬರೂ ಒಟ್ಟಿಗೆ ಇಂಗ್ಮಾರ್ ಬರ್ಗ್‌ಮನ್‌ನ ‘ದಿ ಸೆವೆಂತ್ ಸೀಲ್’ ಚಿತ್ರ ನೋಡಿದ್ದನ್ನೂ, ಅದಕ್ಕೆ ಇಂಗ್ಲಿಷ್ ಅಡಿಬರಹವಿಲ್ಲದಿದ್ದುದನ್ನೂ ಅನಂತಮೂರ್ತಿಯವರು ಮುಂದೆ ಹಲವು ಸಲ ನೆನಪಿಸಿಕೊಂಡಿದ್ದಾರೆ. ಯುರೋಪಿನವರು ಮಧ್ಯಯುಗವನ್ನು ಪುಸ್ತಕ ಓದಿ ಕಟ್ಟಿಕೊಳ್ಳಬೇಕು, ಭಾರತೀಯನಿಗಾದರೋ ಅದು ತನ್ನ ಊರಿನಲ್ಲೇ ಬದುಕಿರುವ ಕಾಲ ಎಂಬ ಮಾತು ಆಗ ಬಂತಂತೆ. ಹಾಗಿದ್ದರೆ ಅದನ್ನೇ ಬರೆಯಬಾರದೇಕೆ ಎಂದರು ಬ್ರಾಡ್‌ಬರಿ. ಕಾದಂಬರಿ 1965ರಲ್ಲಿ ಪ್ರಕಟವಾಯಿತು. ಬರೆಯಲು ಹುರಿದುಂಬಿಸಿದ ಗುರುವಿಗೆ ಕನ್ನಡ ಓದಲು ಬಾರದು. ಎ.ಕೆ. ರಾಮಾನುಜನ್ ಅವರ ಇಂಗ್ಲಿಷ್ ಅನುವಾದ ಪುಸ್ತಕವಾಗಿ ಬಂದದ್ದು 1976ರಲ್ಲಿ.

ಆದರೆ ಅನಂತಮೂರ್ತಿಯವರಿಗೆ 1966ರಲ್ಲಿ ಡಾಕ್ಟರೇಟ್ ದೊರಕಿಸಿಕೊಟ್ಟದ್ದು ‘ಸಂಸ್ಕಾರ’ ಅಲ್ಲ. 1930ರ ದಶಕದ ರಾಜಕೀಯ ಮತ್ತು ಕಾದಂಬರಿಯನ್ನು ಕುರಿತ ಪ್ರಬಂಧ. ಕನ್ನಡ ಕಾದಂಬರಿಯ ದಿಕ್ಕನ್ನೇ ಬದಲಿಸಿದ ಕೃತಿ, ಪದವಿಯ ದೃಷ್ಟಿಯಿಂದ, ಬಿಡುವಿನ ವೇಳೆಯ ಕೆಲಸ. ಅದಕ್ಕೆ ಒಂದು ಅಂಕವೂ ಇಲ್ಲ. ಇಂಗ್ಲಿಷ್ ವಿಭಾಗವೆಂದರೆ ಬೇರೆಯವರು ಬರೆದದ್ದನ್ನು ಓದಿ ಅದರ ಬಗ್ಗೆ ಬರೆಯುವ ಸ್ಥಳ ಎಂಬುದು ಆ ಕಾಲದ ಇಂಗ್ಲೆಂಡಿನ ನಿಯಮ. ನಮ್ಮ ಬಹುತೇಕ ಕಾಲೇಜುಗಳಲ್ಲಿ ಇಂದಿಗೂ ರೂಢಿಯಲ್ಲಿರುವುದು ಅದೇ.

ಆ ನಿಯಮವನ್ನು ಇಂಗ್ಲೆಂಡಿನಲ್ಲಿ ಮುರಿದವರಲ್ಲಿ ಮುಖ್ಯರು ಇದೇ ಬ್ರಾಡ್‌ಬರಿ ಎಂಬುದು ಕುತೂಹಲದ ಸಂಗತಿ. 1965ರಲ್ಲಿ ಅವರು ಬರ್ಮಿಂಗ್‌ಹ್ಯಾಮ್ ಬಿಟ್ಟು ನಾರಿಚ್ ನಗರದ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ 1970ರಲ್ಲಿ, ಇನ್ನೊಬ್ಬ ಕಾದಂಬರಿಕಾರ ಆಂಗಸ್ ವಿಲ್ಸನ್ ಜೊತೆ ಸೇರಿ, ಎಂ.ಎ. ವಿದ್ಯಾರ್ಥಿ ತಾನೇ ಬರೆದ ಕತೆಗಳನ್ನು ಪದವಿಗಾಗಿ ಒಪ್ಪಿಸಬಹುದಾದ ವ್ಯವಸ್ಥೆ ಮಾಡಿದರು. ಮೊದಲ ವರ್ಷ ಕತೆ ಬರೆದುಕೊಡಲು ಬಂದ ವಿದ್ಯಾರ್ಥಿ ಇಯಾನ್ ಮೆಕ್‌ಇವಾನ್. ಮುಂದೆ, 1998ರಲ್ಲಿ, ಬೂಕರ್ ಪ್ರಶಸ್ತಿ ಪಡೆದವರು. ಒಂದು ದಶಕದ ನಂತರ ಅದೇ ತರಗತಿಯಲ್ಲಿ ಕುಳಿತ ಕಜುವೊ ಇಶಿಗುರೊ ಅವರಿಗೆ 2017ರಲ್ಲಿ ನೊಬೆಲ್ ಬಂತು. ಇಂಥ ಹೆಸರುಗಳನ್ನು ತೋರಿಸಿ ‘ನೋಡಿ, ಬರವಣಿಗೆ ಕಲಿಸಿದರೆ ಬರುತ್ತದೆ’ ಎನ್ನುವವರಿದ್ದಾರೆ. ಇವರು ಕಲಿಸದಿದ್ದರೂ ಬರೆಯುತ್ತಿದ್ದರು ಎನ್ನುವವರೂ ಇದ್ದಾರೆ. ಎರಡನ್ನೂ ರುಜುವಾತು ಮಾಡುವುದು ಕಷ್ಟ. ಹೆಚ್ಚು ಗಮನಿಸಬೇಕಾದ ಅಂಶ ಬೇರೆ ಇದೆ: ಮೆಕ್‌ಇವಾನ್ ಓದಿದ ಎಂ.ಎ.ಯಲ್ಲಿ ಬಹುಭಾಗ ಸಾಹಿತ್ಯದ ಅಧ್ಯಯನವೇ ಆಗಿತ್ತು. ಕತೆ ಅದರ ಒಂದು ಭಾಗ ಮಾತ್ರ. ಸೃಜನಶೀಲ ಬರವಣಿಗೆ ಹುಟ್ಟಿದ್ದು ಓದಿನ ಮಡಿಲಲ್ಲಿ.

ಇದು ಇಂಗ್ಲೆಂಡಿಗಿಂತ ಮೊದಲು ಅಮೆರಿಕದಲ್ಲಿ ನಡೆದ ಕತೆಯೂ ಹೌದು. ಚಿಂತಕ ಎಮರ್ಸನ್ 1837ರ ತನ್ನ ಪ್ರಸಿದ್ಧ ಭಾಷಣದಲ್ಲಿ ಸೃಜನಶೀಲ ಬರವಣಿಗೆ ಎಂಬ ಮಾತನ್ನು ಬಳಸಿದಾಗ ಅದರ ಪಕ್ಕದಲ್ಲೇ ಸೃಜನಶೀಲ ಓದು ಎಂಬುದನ್ನೂ ಇಟ್ಟಿದ್ದ. ಮೊದಲನೆಯದು ಪಠ್ಯಕ್ರಮ ಸೇರಿತು, ಎರಡನೆಯದನ್ನು ಹೆಚ್ಚಿನವರು ಮರೆತರು. ಆಗಿನ ವಿಶ್ವವಿದ್ಯಾಲಯಗಳಲ್ಲಿ ಸಾಹಿತ್ಯ ಪಾಠವೆಂದರೆ ಬಹುಮಟ್ಟಿಗೆ ಭಾಷಾಶಾಸ್ತ್ರ. ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಆನರ್ಸ್ ಆರಂಭವಾದದ್ದೇ 1894ರಲ್ಲಿ. ಅಲ್ಲೂ ಹಳೆಯ ಇಂಗ್ಲಿಷಿನ ಶಬ್ದರೂಪಗಳ ಕಾಟವೇ ಹೆಚ್ಚು. ಕಾವ್ಯ ಎಲ್ಲಿ ಹೋಯಿತು ಎಂದು ಕೇಳುವ ಅಧ್ಯಾಪಕರು ಅಲ್ಲಲ್ಲಿ ತಲೆಯೆತ್ತಿದರು. ಹಾರ್ವರ್ಡಿನ ಬ್ಯಾರೆಟ್ ವೆಂಡೆಲ್ 1880ರ ದಶಕದಲ್ಲಿ ವಿದ್ಯಾರ್ಥಿಗಳಿಂದ ದಿನಕ್ಕೊಂದು ಪುಟ ಬರೆಸುತ್ತಿದ್ದ. ಆ ದಿನ ಕಂಡದ್ದು, ಕೇಳಿದ್ದು, ಏನಾದರೂ ಸರಿ. ನಮ್ಮ ಪ್ರಾಥಮಿಕ ಶಾಲೆಯ ಕಾಪಿ ಬರಹದಂತೆ ದಿನವೂ ತಪ್ಪದೆ ಒಪ್ಪಿಸಬೇಕು.

ಅಯೋವಾ ವಿಶ್ವವಿದ್ಯಾಲಯ ಇನ್ನೂ ಮುಂದೆ ಹೋಯಿತು. ಜೋಳದ ಹೊಲಗಳ ನಡುವಿನ ಈ ಊರಿನಲ್ಲಿ 1897ರಲ್ಲೇ ಪದ್ಯರಚನೆಯ ತರಗತಿ ನಡೆದಿತ್ತು. 1922ರಲ್ಲಿ, ಕವಿತೆ, ಕತೆ, ಸಂಗೀತ ರಚನೆ, ಚಿತ್ರಗಳನ್ನೂ ಉನ್ನತ ಪದವಿಗೆ ಪ್ರಬಂಧದ ಬದಲು ಒಪ್ಪಿಕೊಳ್ಳಬಹುದೆಂದು ಅಲ್ಲಿ ತೀರ್ಮಾನವಾಯಿತು. 1930ರಲ್ಲಿ ಬಂದ ನಾರ್ಮನ್ ಫರ್ಸ್ಟರ್ ಎಂಬ ವಿಮರ್ಶಕ, ಲೇಖಕರನ್ನೂ ವಿಮರ್ಶಕರನ್ನೂ ಒಂದೇ ಮನೆಯಲ್ಲಿ ಬೆಳೆಸಬೇಕೆಂದು ಹಟ ಹಿಡಿದವ. ಪಾಲ್ ಎಂಗಲ್ ಎಂಬ ತರುಣ ಎಂ.ಎ.ಗೆ ಒಪ್ಪಿಸಿದ ಕವಿತೆಗಳು 1932ರಲ್ಲಿ ಸಂಕಲನವಾಗಿ ಅಚ್ಚಾದವು. 1936ರಲ್ಲಿ ಅಯೋವಾದ ಲೇಖಕರ ಕಮ್ಮಟ ಅಧಿಕೃತವಾಗಿ ಶುರುವಾಯಿತು; ಕೆಲವೇ ವರ್ಷಗಳಲ್ಲಿ ಎಂಗಲ್ ಅದರ ಮುಖ್ಯಸ್ಥನಾಗಿ 1965ರವರೆಗೆ ನಡೆಸಿದ. ಎರಡನೆಯ ಮಹಾಯುದ್ಧ ಮುಗಿಸಿ ಬಂದ ಸೈನಿಕರು ಸರ್ಕಾರದ ಖರ್ಚಿನಲ್ಲಿ ಕಾಲೇಜು ಸೇರಿದಾಗ, ನದಿಯ ದಂಡೆಯ ಮೇಲಿನ ಹಳೆಯ ಮಿಲಿಟರಿ ತಗಡಿನ ಶೆಡ್ಡುಗಳಲ್ಲಿ ತರಗತಿಗಳು ನಡೆದವು. ಇಂದು ಅಮೆರಿಕದಲ್ಲಿ ನೂರಾರು ವಿಶ್ವವಿದ್ಯಾಲಯಗಳು ಈ ವಿಷಯ ಕಲಿಸುತ್ತವೆ. ಮಾದರಿ ಮಾತ್ರ ಅಯೋವಾದ್ದೇ.

ಬ್ರಿಟನ್ನಿನಲ್ಲಿ ಎಂ.ಎ. ಮಟ್ಟದಲ್ಲಿ ಶುರುವಾದದ್ದು ನಿಧಾನವಾಗಿ ಬಿ.ಎ.ಗೆ ಇಳಿಯಿತು. ಈಸ್ಟ್ ಆಂಗ್ಲಿಯಾ, ವಾರಿಕ್ ಮುಂತಾದ ವಿಶ್ವವಿದ್ಯಾಲಯಗಳಲ್ಲಿ ಹದಿನೆಂಟರ ಹುಡುಗ ಹುಡುಗಿಯರು ‘ಇಂಗ್ಲಿಷ್ ಸಾಹಿತ್ಯ ಮತ್ತು ಸೃಜನಶೀಲ ಬರವಣಿಗೆ’ ಎಂಬ ಪದವಿಗೆ ಸೇರುತ್ತಾರೆ. ಅಲ್ಲಿನ ಉನ್ನತ ಶಿಕ್ಷಣದ ಗುಣಮಟ್ಟ ಸಂಸ್ಥೆ 2016ರಲ್ಲಿ ಈ ವಿಷಯಕ್ಕೆಂದೇ ಪ್ರತ್ಯೇಕ ಮಾನದಂಡ ಹೊರಡಿಸಿತು. ಅಂದರೆ ಇಂಗ್ಲಿಷಿನ ಬಾಲವಾಗಿದ್ದದ್ದು ಸ್ವತಂತ್ರ ವಿಷಯವೆಂದು ಮಾನ್ಯವಾಯಿತು.

ಮೂರು ವರ್ಷ ಅಲ್ಲಿ ಏನು ಕಲಿಸುತ್ತಾರೆ? ಕತೆ ಬರೆಯುವ ಸೂತ್ರವಿದೆಯೇ?

ಸೂತ್ರವಿಲ್ಲ, ಅಭ್ಯಾಸವಿದೆ. ಮೊದಲ ವರ್ಷ ಹೆಚ್ಚಿನ ಪಾಠಗಳು ಬೇರೆ ಇಂಗ್ಲಿಷ್ ವಿದ್ಯಾರ್ಥಿಗಳದ್ದೇ: ನಾಟಕ, ಕಾದಂಬರಿ, ಕಾವ್ಯ. ಜೊತೆಗೆ ಬರವಣಿಗೆಯ ಒಂದೆರಡು ಪತ್ರಿಕೆ. ಅಲ್ಲಿ ಸಣ್ಣ ಸಣ್ಣ ಕೆಲಸ ಕೊಡುತ್ತಾರೆ. ಒಂದು ಕೋಣೆಯನ್ನು ವರ್ಣಿಸಿ, ಅದರಲ್ಲಿ ವಾಸಿಸುವವರು ಯಾರೆಂದು ಹೇಳದೆಯೇ ಓದುಗನಿಗೆ ತಿಳಿಯಬೇಕು. ಓದಿದ ಕಾದಂಬರಿಯ ಒಂದು ದೃಶ್ಯವನ್ನು ಮನೆಯ ಆಳಿನ ಬಾಯಿಂದ ಹೇಳಿಸಿ. ಬಸ್ಸಿನಲ್ಲಿ ಕಿವಿಗೆ ಬಿದ್ದ ಮಾತುಕತೆಯನ್ನು ಬರೆದು, ಅದರಲ್ಲಿ ಅರ್ಧವನ್ನು ಹೊಡೆದುಹಾಕಿ. ಎರಡನೆಯ ವರ್ಷದ ಹೊತ್ತಿಗೆ ಕವಿತೆ, ಕತೆ, ನಾಟಕ, ಚಿತ್ರಕಥೆ ಎಂದು ದಾರಿಗಳು ಒಡೆಯುತ್ತವೆ. ಕೊನೆಯ ವರ್ಷ ದೊಡ್ಡದೊಂದು ಬರಹ. ಅದರೊಂದಿಗೆ, ತಾನು ಯಾರಿಂದ ಏನು ಕಲಿತೆ, ಯಾವುದನ್ನು ಯಾಕೆ ಬದಲಿಸಿದೆ ಎಂಬ ವಿವರಣೆ.

ಈ ಅಭ್ಯಾಸಗಳ ಲಾಭ ಲೇಖಕರಾಗುವವರಿಗಷ್ಟೇ ಅಲ್ಲ. ಕನ್ನಡದ ಉದಾಹರಣೆಯಿಂದ ಇದು ಬೇಗ ಅರ್ಥವಾಗುತ್ತದೆ. ಭಾಮಿನಿ ಷಟ್ಪದಿಯಲ್ಲಿ ಮೂರು ಮತ್ತು ನಾಲ್ಕು ಮಾತ್ರೆಗಳ ಗಣಗಳು ಒಂದಾದ ಮೇಲೊಂದು ಬರುತ್ತವೆ. ಮೂರನೆಯ ಮತ್ತು ಆರನೆಯ ಸಾಲುಗಳು ಉದ್ದ, ಕೊನೆಗೊಂದು ಗುರು. ಪರೀಕ್ಷೆಗಾಗಿ ಇದನ್ನು ಬಾಯಿಪಾಠ ಮಾಡಿದವರು ಸಾವಿರಾರು. ಆದರೆ ಒಂದೇ ಒಂದು ಪದ್ಯವನ್ನು ಭಾಮಿನಿಯಲ್ಲಿ ಕಟ್ಟಲು ಕುಳಿತವನಿಗೆ ಮೂರನೆಯ ಸಾಲಿನಲ್ಲಿ ಉಸಿರು ಸಾಲದೆ ಬಂದಾಗ, ಕುಮಾರವ್ಯಾಸ ಇದೇ ಛಂದಸ್ಸಿನಲ್ಲಿ ಯುದ್ಧವನ್ನೂ ಜಗಳವನ್ನೂ ಹಾಸ್ಯವನ್ನೂ ಸಾವಿರಾರು ಪದ್ಯಗಳುದ್ದಕ್ಕೆ ಹೇಗೆ ನಡೆಸಿದನೆಂಬ ಬೆರಗು ಹುಟ್ಟುತ್ತದೆ. ಆ ಪದ್ಯ ಕೆಟ್ಟದಾಗಿದ್ದರೂ ಚಿಂತೆಯಿಲ್ಲ. ಇಂಗ್ಲಿಷಿನಲ್ಲಿ ಸುನೀತ ಬರೆಯಲು ಹೊರಟವನಿಗೆ ಷೇಕ್ಸ್‌ಪಿಯರ್ ವಿಷಯದಲ್ಲೂ, ಜೇನ್ ಆಸ್ಟೆನ್ ಹಾಗೆ ಪಾತ್ರದ ಮನಸ್ಸಿನೊಳಗೆ ಹೋಗಿ ಬರುವ ನಿರೂಪಣೆಯನ್ನು ಅರ್ಧ ಪುಟ ಪ್ರಯತ್ನಿಸಿದವಳಿಗೆ ಆಸ್ಟೆನ್ ವಿಷಯದಲ್ಲೂ ಆಗುವುದು ಇದೇ. ಗೈಡು ಓದಿ ಇದು ಬಾರದು.

ತರಗತಿಯ ಕ್ರಮವೂ ಉಪನ್ಯಾಸದ್ದಲ್ಲ. ಹನ್ನೆರಡು, ಹೆಚ್ಚೆಂದರೆ ಹದಿನೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬರ ಕತೆಯ ಪ್ರತಿಗಳು ಮೊದಲೇ ಎಲ್ಲರಿಗೂ ತಲುಪಿರುತ್ತವೆ. ಚರ್ಚೆ ಶುರುವಾದ ಮೇಲೆ ಬರೆದವರು ಬಾಯಿ ತೆರೆಯುವಂತಿಲ್ಲ. ಇದು ಅಯೋವಾದಿಂದ ಹರಡಿದ ಪ್ರಸಿದ್ಧ ಕಟ್ಟಳೆ. ಉಳಿದವರು ಎಲ್ಲಿ ತೊಡಕಾಯಿತು, ಎಲ್ಲಿ ನಂಬಿಕೆ ಬರಲಿಲ್ಲ, ಯಾವ ವಾಕ್ಯ ಬೇಡವಾಗಿತ್ತು ಎಂದು ಹೇಳುತ್ತಾ ಹೋಗುತ್ತಾರೆ. ಪುಸ್ತಕ ಅಂಗಡಿಯಲ್ಲಿ ಕೊಂಡವನ ಮನೆಗೆ ಲೇಖಕ ಹೋಗಿ ‘ನಾನು ಹೇಳಹೊರಟದ್ದು ಅದಲ್ಲ’ ಎನ್ನಲು ಸಾಧ್ಯವೇ ಎಂಬುದು ಈ ಮೌನದ ಹಿಂದಿನ ವಾದ. ಇಂಥ ಕೂಟಕ್ಕೆ ಕನ್ನಡದಲ್ಲಿ ಕಮ್ಮಟವೆಂಬ ಹೆಸರು ಕಥಾ ಕಮ್ಮಟ, ಕಾವ್ಯ ಕಮ್ಮಟಗಳಿಂದ ರೂಢಿಯಾಗಿದೆ. ಕಮ್ಮಟವೆಂದರೆ ಮೂಲದಲ್ಲಿ ನಾಣ್ಯ ಹೊಡೆಯುವ ಟಂಕಸಾಲೆ. ಇಂಗ್ಲಿಷಿನ ಪದಕ್ಕೆ ಬಡಗಿಯ ಅಂಗಡಿಯ ವಾಸನೆಯಿದ್ದರೆ ನಮ್ಮ ಪದಕ್ಕೆ ಲೋಹದ್ದು. ಒಂದೇ ಅಚ್ಚಿನ ನಾಣ್ಯಗಳು ಹೊರಬರುತ್ತವೆಂಬ ಟೀಕೆಯನ್ನೂ ಆ ಪದವೇ ಹೊತ್ತಿರುವುದು ತಮಾಷೆ.

ಬರೆಯಲು ಕಲಿಸಬಹುದೇ ಎಂಬ ಪ್ರಶ್ನೆ ಅಮೆರಿಕದವರ ಸ್ವಂತದ್ದೇನಲ್ಲ. ಸಂಸ್ಕೃತ ಮೀಮಾಂಸಕರು ಇದನ್ನು ಸಾವಿರ ವರ್ಷಗಳ ಹಿಂದೆಯೇ ಹಿಂಜಿದ್ದಾರೆ. ಕಾವ್ಯಕ್ಕೆ ಪ್ರತಿಭೆ ಬೇಕು, ಲೋಕ ಮತ್ತು ಶಾಸ್ತ್ರಗಳ ತಿಳಿವು ಬೇಕು, ಕಾವ್ಯ ಬಲ್ಲವರ ಬಳಿ ಮಾಡಿದ ಅಭ್ಯಾಸವೂ ಬೇಕು. ಮೂರೂ ಸೇರಿಯೇ ಕಾರಣ ಎಂದ ಮಮ್ಮಟ. ರಾಜಶೇಖರನ ‘ಕಾವ್ಯಮೀಮಾಂಸೆ’ಯಲ್ಲಿ ಕವಿಯ ದಿನಚರಿಯೇ ಇದೆ: ಬೆಳಿಗ್ಗೆ ಅಧ್ಯಯನ, ಆಮೇಲೆ ರಚನೆ, ಊಟದ ನಂತರ ಕಾವ್ಯಗೋಷ್ಠಿ, ಅದಾದ ಮೇಲೆ ಬೆಳಿಗ್ಗೆ ಬರೆದದ್ದರ ಮರುಪರಿಶೀಲನೆ. ಅಯೋವಾದವರು ಇದನ್ನು ನೋಡಿದ್ದರೆ ತಮ್ಮ ವೇಳಾಪಟ್ಟಿ ಎಂದುಕೊಂಡಾರು. ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರ ಕವಿಶಿಕ್ಷಣಕ್ಕೆಂದೇ ‘ಕವಿಕಂಠಾಭರಣ’ ಬರೆದ. ಸುಲಭವಾಗಿ ಕಲಿಯುವವರು, ಕಷ್ಟಪಟ್ಟು ಕಲಿಯುವವರು, ಕಲಿಯಲಾಗದವರು ಎಂದು ಶಿಷ್ಯರನ್ನು ವಿಂಗಡಿಸಿ, ವ್ಯಾಕರಣ ತರ್ಕಗಳಲ್ಲಿ ಸುಟ್ಟುಹೋದವರನ್ನು ಕೊನೆಯ ಗುಂಪಿಗೆ ಹಾಕಿದ. ಇತ್ತ ‘ಕವಿರಾಜಮಾರ್ಗ’ ಕವಿಗಳಿಗೆ ಗುಣದೋಷಗಳ ಪಾಠ ಹೇಳುವ ಗ್ರಂಥವೇ. ಆದರೂ ಅಕ್ಷರ ಕಲಿಯದ ನಾಡವರಿಗೂ ಕಾವ್ಯದ ಜಾಣ್ಮೆಯಿದೆ ಎಂದು ಒಪ್ಪಿಕೊಳ್ಳುವ ಉದಾರತೆ ಅದಕ್ಕಿದೆ.

ಹಾಗೆಂದು ಇವರು ಯಾರೂ ಅಂಕ ಕೊಡಬೇಕಾಗಿರಲಿಲ್ಲ. ಇಂದಿನ ಪದವಿ ಕೊಡಬೇಕು, ಅದೇ ಅದರ ನಿಜವಾದ ಇಕ್ಕಟ್ಟು. ಕತೆಗೆ ಅರುವತ್ತೆರಡು ಅಂಕ ಎಂದರೆ ಏನರ್ಥ? ಪರೀಕ್ಷಕನ ರುಚಿಯೇ? ಬ್ರಿಟನ್ನಿನ ವಿಭಾಗಗಳು ಇಬ್ಬರಿಂದ ಮೌಲ್ಯಮಾಪನ ಮಾಡಿಸಿ, ಹೊರಗಿನ ಪರೀಕ್ಷಕರಿಗೂ ತೋರಿಸಿ ಈ ಅನುಮಾನ ಕಡಿಮೆ ಮಾಡಲು ನೋಡುತ್ತವೆ. ಬರಹದ ಜೊತೆಗಿನ ವಿವರಣೆಗೆ ಮಹತ್ವ ಬಂದದ್ದೂ ಇದರಿಂದಲೇ. ಅಲ್ಲಿ ವಿದ್ಯಾರ್ಥಿಯ ಓದು ಕಾಣುತ್ತದೆ, ತಿದ್ದಿದ ಕಾರಣ ಕಾಣುತ್ತದೆ. 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲಂತೂ ಕರಡು ಪ್ರತಿಗಳು, ತಿದ್ದುಪಡಿಗಳು, ಎದುರಾಬದುರು ಕುಳಿತು ಆಡುವ ಮಾತು ಇವೇ ಅಧ್ಯಾಪಕರಿಗೆ ಉಳಿದಿರುವ ಆಧಾರ. ಶಾಲಾ ಹಂತದಲ್ಲಿ ಈ ವಿಷಯಕ್ಕೆ ಪರೀಕ್ಷೆ ಇಡುವ ಪ್ರಯತ್ನವೂ ಅಲ್ಲಿ ನಡೆಯಿತು. 2013ರಲ್ಲಿ ಎ-ಲೆವೆಲ್ ಪರೀಕ್ಷೆಗೆ ಸೇರಿದ ಸೃಜನಶೀಲ ಬರವಣಿಗೆ ಕೆಲವೇ ವರ್ಷಗಳಲ್ಲಿ ನಿಂತುಹೋಯಿತು.

ಟೀಕಾಕಾರರು ಒಳಗೇ ಇದ್ದಾರೆ. ಕಾದಂಬರಿಕಾರ ಹನೀಫ್ ಕುರೇಶಿ 2014ರಲ್ಲಿ ಈ ಕೋರ್ಸುಗಳು ಸಮಯ ಹಾಳು ಎಂದು ಸಾರ್ವಜನಿಕವಾಗಿ ಹೇಳಿದಾಗ ಅವರು ಕಿಂಗ್‌ಸ್ಟನ್ ವಿಶ್ವವಿದ್ಯಾಲಯದಲ್ಲಿ ಅದನ್ನೇ ಕಲಿಸುತ್ತಿದ್ದರು. ಹಾರ್ವರ್ಡಿನ ಪೀಠಕ್ಕೆ ನಬೊಕೊವ್ ಹೆಸರು ಬಂದಾಗ ಭಾಷಾಶಾಸ್ತ್ರಜ್ಞ ರೋಮನ್ ಯಾಕಬ್ಸನ್, ಆನೆ ದೊಡ್ಡ ಪ್ರಾಣಿ ನಿಜ, ಹಾಗೆಂದು ಅದನ್ನು ಪ್ರಾಣಿಶಾಸ್ತ್ರದ ಪ್ರಾಧ್ಯಾಪಕನಾಗಿ ನೇಮಿಸುತ್ತೀರಾ ಎಂದು ಕೇಳಿದರೆಂಬ ಕತೆ ಪ್ರಚಲಿತವಾಗಿದೆ. ಡಿ.ಜಿ. ಮೈಯರ್ಸ್ ಎಂಬ ವಿದ್ವಾಂಸರು 1996ರಲ್ಲಿ ಈ ವಿಷಯದ ಇತಿಹಾಸ ಬರೆದಾಗ ಪುಸ್ತಕದ ಹೆಸರಿಗೇ ಆ ಆನೆಗಳನ್ನು ತಂದರು. ಆನೆಗಳೇ ಪಾಠ ಮಾಡುವ ಕಾಲ ಬಂತು ಎಂಬುದು ಅದರ ಧ್ವನಿ. ಸಾಹಿತ್ಯವನ್ನು ಒಳಗಿನಿಂದ ಅರಿಯುವ ದಾರಿಯಾಗಿ ಹುಟ್ಟಿದ್ದು ಕೊನೆಗೆ ಲೇಖಕರಿಗೆ ಸಂಬಳ ಕೊಡುವ ವ್ಯವಸ್ಥೆಯಾಗಿ ಬೆಳೆಯಿತೆಂಬುದು ಅವರ ತಕರಾರು. ಅದರಲ್ಲಿ ಹುರುಳಿದೆ.

ಇನ್ನೂ ಆಳದ ತಕರಾರೊಂದಿದೆ. ಸಾಂದ್ರಾ ಸಿಸ್ನೆರೋಸ್ 1970ರ ದಶಕದಲ್ಲಿ ಅಯೋವಾದಲ್ಲಿ ಓದಿದವರು. ಶಿಕಾಗೋದ ಬಡ ಮೆಕ್ಸಿಕನ್ ಮೂಲದ ಕುಟುಂಬದ ಹುಡುಗಿ. ಒಂದು ತರಗತಿಯಲ್ಲಿ ಬಾಲ್ಯದ ಮನೆಯ ನೆನಪಿನ ಚರ್ಚೆ ನಡೆಯಿತು. ಸಹಪಾಠಿಗಳ ಮನೆಗಳಿಗೆ ಅಟ್ಟವಿತ್ತು, ನೆಲಮಾಳಿಗೆಯಿತ್ತು. ಅವರು ಬೆಳೆದ ಬಾಡಿಗೆ ಮನೆಗಳು ಆ ಮಾತುಕತೆಯಲ್ಲಿ ಎಲ್ಲೂ ಇರಲಿಲ್ಲ. ಅವಮಾನ ಮೊದಲು, ಕೋಪ ಆಮೇಲೆ. ಅದರಿಂದ ಹುಟ್ಟಿದ್ದು 1984ರಲ್ಲಿ ಪ್ರಕಟವಾದ ‘ದಿ ಹೌಸ್ ಆನ್ ಮ್ಯಾಂಗೊ ಸ್ಟ್ರೀಟ್’. ಕಮ್ಮಟ ಆ ಕೃತಿಯನ್ನು ಕಲಿಸಲಿಲ್ಲ, ಕೆಣಕಿತು. ಆದರೆ ಕೆಣಕಿದಾಗ ಎದ್ದು ನಿಲ್ಲುವವರು ಎಷ್ಟು ಮಂದಿ? ಸುಮ್ಮನೆ ಮುದುಡಿಕೊಂಡವರ ಹೆಸರು ಯಾವ ಇತಿಹಾಸದಲ್ಲೂ ಸಿಗುವುದಿಲ್ಲ. ಬರೆದವರು ಮಾತಾಡಬಾರದೆಂಬ ಕಟ್ಟಳೆಯನ್ನು ಇತ್ತೀಚೆಗೆ ಹಲವು ಅಧ್ಯಾಪಕರು ಕೈಬಿಡುತ್ತಿರುವುದು ಇದೇ ಕಾರಣಕ್ಕೆ. ಮೇಜಿನ ಸುತ್ತ ಕುಳಿತವರಿಗೆ ಪರಿಚಯವಿಲ್ಲದ ಬದುಕನ್ನು ಬರೆದವನಿಗೆ ಮೌನವೆಂದರೆ ಶಿಸ್ತಲ್ಲ, ಶಿಕ್ಷೆ.

ಭಾರತದ ಇಂಗ್ಲಿಷ್ ತರಗತಿಗೆ ಈ ಮಾತು ಇನ್ನೂ ಹತ್ತಿರದ್ದು. ಇಲ್ಲಿ ಸೃಜನಶೀಲ ಬರವಣಿಗೆ ಪದವಿಯೊಳಗೆ ಬಂದದ್ದು ಸಣ್ಣ ಬಾಗಿಲಿನಿಂದ. ವಿಶ್ವವಿದ್ಯಾಲಯ ಧನಸಹಾಯ ಆಯೋಗ 2015ರ ಆಯ್ಕೆ ಆಧಾರಿತ ಕ್ರೆಡಿಟ್ ಪದ್ಧತಿಯಲ್ಲಿ ಬಿ.ಎ. ಇಂಗ್ಲಿಷ್ ಆನರ್ಸ್‌ಗೆ ರೂಪಿಸಿದ ಮಾದರಿ ಪಠ್ಯಕ್ರಮದಲ್ಲಿ ಅದು ಕೌಶಲ ವೃದ್ಧಿಯ ಐಚ್ಛಿಕ ಪತ್ರಿಕೆಗಳಲ್ಲೊಂದಾಗಿತ್ತು. ಬರವಣಿಗೆಯ ಕಸುಬು, ಪ್ರಕಾರಗಳು, ಮಾಧ್ಯಮ ಬರಹ, ಪ್ರಕಟಣೆಯ ಸಿದ್ಧತೆ ಎಂದು ಘಟಕಗಳು. ದೆಹಲಿಯ ಮೂವರು ಅಧ್ಯಾಪಕಿಯರು ಸೇರಿ ಬರೆದ ಕೈಪಿಡಿ ಪಠ್ಯ. ಅದೇ ಪಟ್ಟಿಯಲ್ಲಿ ಅದರ ಅಕ್ಕಪಕ್ಕ ವ್ಯವಹಾರ ಸಂವಹನ, ತಾಂತ್ರಿಕ ಬರವಣಿಗೆಗಳಿದ್ದವು. ಕವಿತೆಯೂ ಕಚೇರಿ ಪತ್ರವೂ ಒಂದೇ ಕಪಾಟಿನ ಸರಕಾದದ್ದು ಹೀಗೆ. ಹರಿಯಾಣದ ಅಶೋಕ ವಿಶ್ವವಿದ್ಯಾಲಯದಂಥ ಖಾಸಗಿ ಸಂಸ್ಥೆಗಳಲ್ಲಿ ಇಂಗ್ಲಿಷ್ ಜೊತೆ ಸೃಜನಶೀಲ ಬರವಣಿಗೆಯನ್ನು ಮುಖ್ಯ ವಿಷಯವಾಗಿ ಓದಬಹುದು. ಅಲ್ಲಿನ ಶುಲ್ಕ ಭರಿಸಬಲ್ಲವರಿಗೆ, ಎಂದು ಸೇರಿಸಬೇಕು. ಸರ್ಕಾರಿ ಕಾಲೇಜಿನಲ್ಲಿ ಅರುವತ್ತು, ಎಂಬತ್ತು ಮಂದಿಯ ತರಗತಿಯನ್ನು ಒಬ್ಬರೇ ಅಧ್ಯಾಪಕರು ನಿಭಾಯಿಸುವಾಗ ಹನ್ನೆರಡು ಜನರ ಮೇಜು ಎಲ್ಲಿಂದ ಬರಬೇಕು? ಕತೆಯ ಬದಲು ‘ಕತೆಯ ಲಕ್ಷಣಗಳನ್ನು ವಿವರಿಸಿ’ ಎಂಬ ಪ್ರಶ್ನೆ ಬರುವ ಅಪಾಯ ಅಲ್ಲೇ ಇದೆ.

ಭಾಷೆಯ ಪ್ರಶ್ನೆ ಇದಕ್ಕಿಂತ ದೊಡ್ಡದು. ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಿ.ಎ.ಗೆ ಐಚ್ಛಿಕ ಇಂಗ್ಲಿಷ್ ತೆಗೆದುಕೊಂಡ ವಿದ್ಯಾರ್ಥಿಯೊಬ್ಬ ತನ್ನ ಮನೆಯ ಕತೆ ಬರೆಯಬೇಕೆಂದು ಇಟ್ಟುಕೊಳ್ಳಿ. ಮಡಿ, ಎಂಜಲು, ಸೂತಕ, ಒಕ್ಕಲು, ಸಂಬಂಧದಲ್ಲಿ ಅತ್ತೆ-ಸೋದರತ್ತೆ. ಒಂದೊಂದು ಪದಕ್ಕೂ ಒಂದೊಂದು ವಿವರಣೆ ಸೇರಿಸುತ್ತಾ ಹೋದರೆ ಕತೆ ಪ್ರವಾಸಿಗರ ಕೈಪಿಡಿಯಾಗುತ್ತದೆ. ವಿವರಣೆ ಬಿಟ್ಟರೆ ಪರೀಕ್ಷಕರಿಗೆ ಅರ್ಥವಾಗುವುದಿಲ್ಲವೆಂಬ ಭಯ. ಹಾಸನದಲ್ಲಿ ಹುಟ್ಟಿದ ರಾಜಾರಾವ್ 1938ರ ‘ಕಾಂತಾಪುರ’ದ ಮುನ್ನುಡಿಯಲ್ಲಿ ಹೇಳಿಕೊಂಡ ಕಷ್ಟ ಇದೇ, ಹಳ್ಳಿಯ ಅಜ್ಜಿಯ ಉಸಿರಿಗೆ ಇಂಗ್ಲಿಷ್ ವಾಕ್ಯವನ್ನು ಬಗ್ಗಿಸುವ ದಾರಿ ಅವರು ಹಿಡಿದರು. ಅನಂತಮೂರ್ತಿ ಇನ್ನೊಂದು ದಾರಿ ಹಿಡಿದರು: ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಬರೆಯುವುದು. ಅವರೊಬ್ಬರೇ ಅಲ್ಲ. ಬಿ.ಎಂ.ಶ್ರೀ., ವಿ.ಕೃ. ಗೋಕಾಕ್, ಗೋಪಾಲಕೃಷ್ಣ ಅಡಿಗ, ಶಾಂತಿನಾಥ ದೇಸಾಯಿ, ಪಿ. ಲಂಕೇಶ್ ಎಲ್ಲರೂ ಇಂಗ್ಲಿಷ್ ಮೇಷ್ಟ್ರುಗಳೇ. ಕಳೆದ ಶತಮಾನದ ಕನ್ನಡಕ್ಕೆ ಇಂಗ್ಲಿಷ್ ವಿಭಾಗಗಳು ಹೆಸರಿಲ್ಲದ ಕಮ್ಮಟಗಳಾಗಿದ್ದವು. ಅಲ್ಲಿ ಯಾರೂ ಕನ್ನಡ ಕವಿತೆಗೆ ಅಂಕ ಕೊಡಲಿಲ್ಲ, ಯಾರೂ ತಡೆಯಲೂ ಇಲ್ಲ.

ಈಗ ಬರವಣಿಗೆ ಪಠ್ಯಕ್ರಮದೊಳಗೆ ಬಂದಿದೆ, ಆದರೆ ಇಂಗ್ಲಿಷಿನಲ್ಲಿ ಬರೆದರೆ ಮಾತ್ರ ಅಂಕ. ಅಡಿಗರಂಥ ವಿದ್ಯಾರ್ಥಿ ಇಂದು ಈ ಪತ್ರಿಕೆ ತೆಗೆದುಕೊಂಡರೆ ಸಾಧಾರಣ ಇಂಗ್ಲಿಷ್ ಪದ್ಯ ಬರೆದು ಪಾಸಾಗಬೇಕಾದೀತು. ಇದಕ್ಕೊಂದು ಪರಿಹಾರ 2015ರ ಆ ಪಟ್ಟಿಯಲ್ಲೇ ಅಡಗಿತ್ತು. ಅಲ್ಲಿ ಸೃಜನಶೀಲ ಬರವಣಿಗೆಯ ಜೊತೆಗೆ ಅನುವಾದ ಅಧ್ಯಯನವೂ ಪ್ರತ್ಯೇಕ ಪತ್ರಿಕೆಯಾಗಿತ್ತು, ವಿದ್ಯಾರ್ಥಿ ಎರಡನ್ನು ಆರಿಸಿಕೊಳ್ಳಬಹುದಿತ್ತು. ಎರಡನ್ನೂ ಒಬ್ಬರೇ ಅಧ್ಯಾಪಕರು, ಒಂದೇ ಮೇಜಿನ ಸುತ್ತ ಕಲಿಸಿದರೆ ಕನ್ನಡದಲ್ಲಿ ಬರೆದ ಕತೆ, ಅದರ ಇಂಗ್ಲಿಷ್ ಅನುವಾದ, ಯಾವ ಪದವನ್ನು ದಾಟಿಸಲಾಗಲಿಲ್ಲ ಎಂಬ ಎರಡು ಪುಟದ ವಿವರಣೆ, ಮೂರಕ್ಕೂ ಅಂಕ ಕೊಡಲು ಯಾವ ಅಡ್ಡಿಯೂ ಇಲ್ಲ. ಬಿ.ಎಂ.ಶ್ರೀ.ಯವರ ‘ಇಂಗ್ಲಿಷ್ ಗೀತಗಳು’ ಹೊಸಗನ್ನಡ ಕಾವ್ಯಕ್ಕೆ ನಾಂದಿಯಾದಾಗ ಅವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಬಿ.ಎ. ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದ ಇಂಗ್ಲಿಷ್ ಪ್ರಾಧ್ಯಾಪಕರು. ಆ ಪುಸ್ತಕದಲ್ಲಿರುವ ಹೆಚ್ಚಿನವು ಅವರು ತರಗತಿಯಲ್ಲಿ ಕಲಿಸುತ್ತಿದ್ದ ಬಗೆಯ ಇಂಗ್ಲಿಷ್ ಕವಿತೆಗಳ ಕನ್ನಡ ರೂಪಗಳು.